ಕೃಷ್ಣೆಯ ರೇವು: ಗಡಿಯ ನೀರಿನಲ್ಲೊಂದು ಭಾಷಾಪಾಠ

ನೀರಿನಂಚಿನ ವಿಹಾರಸ್ಥಳವೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಕಡಲು. ಉಟ್ಕೂರು, ಮಕ್ತಲ್, ಗದ್ವಾಲ ಸೀಮೆಗೆ ಕಡಲು ದೂರ. ಆದರೆ ಕೃಷ್ಣೆಯ ರೇವು ಹತ್ತಿರ. ‘ಬಂದರು’ ಎಂಬುದು ಪಾರಸಿಯಿಂದ ಬಂದ ಪದ. ‘ರೇವು’ ಎಂಬುದಾದರೋ ಕನ್ನಡ, ತೆಲುಗುಗಳೆರಡಕ್ಕೂ ಸ್ವಂತವಾದುದು. ಈ ಪ್ರದೇಶವನ್ನು ನೋಡಹೊರಡುವ ಭಾಷಾವಿದ್ಯಾರ್ಥಿಗೆ ಇದೇ ಮೊದಲ ಪಾಠ.

ಉಟ್ಕೂರಿನಿಂದ ದಕ್ಷಿಣಕ್ಕೆ ಮಕ್ತಲ್ ಮಾರ್ಗವಾಗಿ ಸಾಗಿದರೆ ಪಂಚದೇವಪಹಾಡ್ ಬಳಿ ನದಿಯ ಉತ್ತರ ದಡ ಸಿಗುತ್ತದೆ. ಎದುರಿಗಿರುವ ನಡುಗಡ್ಡೆಯೇ ಕುರವಪುರ. ದತ್ತಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಈ ಕ್ಷೇತ್ರ ಆಡಳಿತದ ದೃಷ್ಟಿಯಿಂದ ರಾಯಚೂರು ಜಿಲ್ಲೆಗೆ ಸೇರಿದೆ. ಮಹಾರಾಷ್ಟ್ರದ ಭಕ್ತರೂ ಇಲ್ಲಿಗೆ ಬರುವುದರಿಂದ ರೇವಿನಲ್ಲಿ ಕನ್ನಡ, ತೆಲುಗುಗಳೊಡನೆ ಮರಾಠಿಯೂ ಕೇಳಿಬರುತ್ತದೆ. ಇನ್ನೂ ಕೆಳಕ್ಕೆ, ಗದ್ವಾಲದ ಸಮೀಪ, ಜೂರಾಲ ಅಣೆಕಟ್ಟಿನ ಹಿನ್ನೀರು ವಿಶಾಲವಾಗಿ ಹರಡಿಕೊಂಡಿದೆ.

ಇಲ್ಲಿನ ಸಾಂಪ್ರದಾಯಿಕ ವಾಹನ ಹರಿಗೋಲು. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು 15–20 ಜನರನ್ನು ಹೊರುತ್ತಿದ್ದ ಇಂತಹ ದೋಣಿಗಳನ್ನು ವರ್ಣಿಸಿದ್ದಾನೆ. ತಳ ಚಪ್ಪಟೆಯಾದುದರಿಂದ ಹರಿಗೋಲಿಗೆ ಆಳವಾದ ನೀರು ಬೇಕಿಲ್ಲ. ಬಂಡೆಗೆ ತಗುಲಿದರೆ ಬಿದಿರು ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. ತೆಲುಗಿನಲ್ಲಿ ಇದಕ್ಕೆ ‘ಪುಟ್ಟಿ’ ಎಂಬ ಹೆಸರೂ ಉಂಟು. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಪುಟ್ಟಿ’ ಎಂದರೆ ಬುಟ್ಟಿ. ಒಂದೇ ಪದ ಒಂದು ದಡದಲ್ಲಿ ಮನೆಯ ಪಾತ್ರೆಯಾಗಿ, ಇನ್ನೊಂದು ದಡದಲ್ಲಿ ನದಿಯ ವಾಹನವಾಗಿ ಬಾಳುತ್ತಿದೆ.

ಈ ನೀರಿನ ಮೇಲೆ ಇಂದು ರಾಜ್ಯಗಳ ಗಡಿ ಹಾದುಹೋಗಿದೆ. ಆದರೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡನ್ನು ಗುರುತಿಸುವಾಗ ಕೃಷ್ಣೆ ಗಡಿಯಲ್ಲ, ನಡುವಿನ ನದಿ. ಹೈದರಾಬಾದು ರಾಜ್ಯದ ಕಾಲದಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೂ ಈ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೂ ಸೇರಿದವು. ಜಿಲ್ಲೆ ಬದಲಾದ ಮಾತ್ರಕ್ಕೆ ಮನೆಮಾತು ಬದಲಾಗಲಿಲ್ಲ. ಇಂದಿನ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಭಾಗದಲ್ಲಿ ಕನ್ನಡ ಮಾತನಾಡುವ ಕುಟುಂಬಗಳೂ ಕನ್ನಡ ಮಾಧ್ಯಮದ ಶಾಲೆಗಳೂ ಇವೆ.

ಆದ್ದರಿಂದ ರೇವಿಗೆ ಹೋಗುವ ವಿದ್ಯಾರ್ಥಿ ದೃಶ್ಯವನ್ನು ಮಾತ್ರ ನೋಡಿ ಮರಳಬಾರದು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ದಾಟುವುದು ಅಪಾಯಕರ. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಹೋಗುವುದು ಲೇಸು. ಅಂಬಿಗರು ಸೆಳವಿಗೆ, ಮಡುವಿಗೆ, ಗಾಳಿಗೆ, ಹುಟ್ಟಿಗೆ, ಹರಿಗೋಲಿನ ಒಂದೊಂದು ಭಾಗಕ್ಕೆ ಏನೆನ್ನುತ್ತಾರೆಂಬುದನ್ನು ಕೇಳಿ, ಯಾವ ದಡದ ಮಾತೆಂಬುದರೊಡನೆ ಬರೆದುಕೊಳ್ಳಬೇಕು. ವೃತ್ತಿಯೊಂದು ನಿಂತಾಗ ಅದರ ಪದಕೋಶವೂ ನಿಲ್ಲುತ್ತದೆ. ಸೇತುವೆ ದಡಗಳನ್ನು ಬೇಗ ಕೂಡಿಸುತ್ತದೆ, ನಿಜ. ಆದರೆ ದಾಟುವವರು ಕಾದು ಕುಳಿತು ಪರಸ್ಪರರ ಮಾತು ಕಲಿಯಲು ಎಡೆಯಿದ್ದುದು ರೇವಿನಲ್ಲಿ. ಆ ಮಾತುಗಳನ್ನು ಕೇಳಿಸಿಕೊಳ್ಳಲು ಇನ್ನೂ ಕಾಲ ಮಿಂಚಿಲ್ಲ.