ಎದುರು ಮನೆಯ ಜಗಳ, ಅಂಚೆಯಲ್ಲಿ ಪ್ರೀತಿ

ಸಿನಿಮಾ ನೋಡಿ ಹೊರಬಂದ ಕನ್ನಡದ ಪ್ರೇಕ್ಷಕ ಕೊಡುವ ತೀರ್ಪುಗಳಲ್ಲಿ ಒಂದಕ್ಕೆ ಬೆಲೆ ಹೆಚ್ಚು. ‘ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ’ ಎಂಬುದೇ ಆ ತೀರ್ಪು. ಜಾಹೀರಾತುಗಳಲ್ಲಿ ಬಳಸಿ ಬಳಸಿ ಸವೆದುಹೋದ ಮಾತು ಇದು. ಆದರೂ ಕೆಲವು ಚಿತ್ರಗಳಿಗೆ ಈ ಮಾತು ನಿಜವಾಗಿಯೂ ಒಪ್ಪುತ್ತದೆ. 1990ರಲ್ಲಿ ತೆರೆಕಂಡ, ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ ಅಂಥ ಚಿತ್ರ. ಮೂರು ದಶಕಗಳು ಕಳೆದರೂ, ಹಬ್ಬದ ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಅಡ್ಡಾದ ಮನೆಯಲ್ಲಿ ಈ ಚಿತ್ರ ಟಿ.ವಿ.ಯಲ್ಲಿ ಬಂದರೆ ಚಾನೆಲ್ ಬದಲಿಸಲು ಯಾರಿಗೂ ಕೈ ಬಾರದು.

ಯಾಕೆ ಇಷ್ಟ ಎಂದು ಕೇಳಿದರೆ ಬರುವ ಉತ್ತರವೂ ಗೊತ್ತಿರುವಂಥದ್ದೇ. ‘ಎರಡರ್ಥದ ಮಾತಿಲ್ಲ, ಶುದ್ಧ ಹಾಸ್ಯ’ ಎನ್ನುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಎರಡರ್ಥದ ಮಾತಿಲ್ಲದ ಎಷ್ಟೋ ಚಿತ್ರಗಳನ್ನು ಜನ ಮರೆತಿದ್ದಾರೆ. ಇದು ಮಾತ್ರ ಉಳಿದದ್ದೇಕೆ ಎಂದು ತಿಳಿಯಬೇಕಾದರೆ ಕಥೆಯ ಗಂಟನ್ನೇ ಬಿಚ್ಚಿ ನೋಡಬೇಕು.

ಹಳೆಯ ಗಂಟು

ಒಂದೇ ಆವರಣ, ಅದರೊಳಗೆ ಒತ್ತೊತ್ತಾಗಿ ಪುಟ್ಟ ಪುಟ್ಟ ಮನೆಗಳು, ಎಲ್ಲರಿಗೂ ಒಬ್ಬನೇ ಮಾಲೀಕ. ಬೆಂಗಳೂರು, ಮೈಸೂರು ಸೀಮೆಯವರು ವಠಾರ ಎನ್ನುವುದು ಇದನ್ನೇ. ಇಂಥ ವಠಾರದಲ್ಲಿ ಗಣೇಶ (ಅನಂತನಾಗ್) ಮತ್ತು ಆದಿಲಕ್ಷ್ಮಿ (ವಿನಯಾ ಪ್ರಸಾದ್) ಮುಖ ಕಂಡರೆ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಗಣೇಶನ ಮನಸ್ಸು ಸೋತಿರುವುದು ರೇಡಿಯೊದಲ್ಲಿ ಹಾಡುವ ಶ್ರುತಿ ಎಂಬ ಗಾಯಕಿಯ ದನಿಗೆ. ಆತ ಪತ್ರ ಬರೆಯುತ್ತಾನೆ, ಆಕೆ ಉತ್ತರಿಸುತ್ತಾಳೆ, ಪ್ರೀತಿ ಅಂಚೆಯಲ್ಲೇ ಬೆಳೆಯುತ್ತದೆ. ಪತ್ರದ ಶ್ರುತಿ ಬೇರಾರೂ ಅಲ್ಲ, ಬೆಳಗಾದರೆ ಜಗಳವಾಡುವ ಆದಿಲಕ್ಷ್ಮಿಯೇ ಎಂಬುದು ಕಥೆಯ ತಿರುಳು. ಇದರ ಸುತ್ತ ವಠಾರದ ಮಾಲೀಕನಿಗೂ ಬಾಡಿಗೆದಾರರಿಗೂ ನಡೆಯುವ ಮೇಲಾಟವಿದೆ. ಮಾಲೀಕನ ಪಾತ್ರ ‘ಮುಖ್ಯಮಂತ್ರಿ’ ಚಂದ್ರು ಅವರದು.

ಕದನ ಕಣ್ಣೆದುರು, ಪ್ರೇಮ ಪತ್ರದಲ್ಲಿ ಎಂಬ ಈ ಗಂಟಿಗೆ ದೂರದ ಊರೊಂದರಲ್ಲಿ ಹಿರಿಯ ನೆಂಟನಿದ್ದಾನೆ. ಹಂಗೆರಿಯ ಮಿಕ್ಲೋಷ್ ಲಾಸ್ಲೊ 1937ರಲ್ಲಿ ‘ಪರ್ಫ್ಯೂಮೆರಿ’ ಎಂಬ ನಾಟಕ ಬರೆದರು. ಅದನ್ನು ಆಧರಿಸಿ ಹಾಲಿವುಡ್‌ನಲ್ಲಿ ಅರ್ನ್ಸ್ಟ್ ಲುಬಿಚ್ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಚಿತ್ರ ಮಾಡಿದರು. ಬುಡಾಪೆಸ್ಟ್ ನಗರದ ಒಂದು ಚರ್ಮದ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವ ಕ್ರಾಲಿಕ್ ಮತ್ತು ಕ್ಲಾರಾ (ಜೇಮ್ಸ್ ಸ್ಟುವರ್ಟ್ ಮತ್ತು ಮಾರ್ಗರೆಟ್ ಸುಲ್ಲವನ್) ದಿನವಿಡೀ ಕಚ್ಚಾಡುತ್ತಾರೆ. ಪರಸ್ಪರ ಯಾರೆಂದು ತಿಳಿಯದೆ ಪತ್ರದಲ್ಲಿ ಮಾತ್ರ ಪ್ರೀತಿಸುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಗುಟ್ಟು ರಟ್ಟಾಗುತ್ತದೆ. ಇಂದು ಪಾಶ್ಚಾತ್ಯ ಪ್ರೇಕ್ಷಕರು ಕ್ರಿಸ್‌ಮಸ್ ರಜೆ ಬಂತೆಂದರೆ ಮತ್ತೆ ಮತ್ತೆ ನೋಡುವ ಪ್ರಣಯ ಹಾಸ್ಯಗಳಲ್ಲಿ ಇದೂ ಒಂದು. ಸ್ವಾರಸ್ಯವೆಂದರೆ ಈ ‘ಹಬ್ಬದ ಚಿತ್ರ’ ಬಿಡುಗಡೆಯಾದದ್ದು ಹಬ್ಬ ಮುಗಿದ ಮೇಲೆ, 1940ರ ಜನವರಿಯಲ್ಲಿ. ಹಬ್ಬದ ಚಿತ್ರವೆಂಬ ಪಟ್ಟವನ್ನು ಅದಕ್ಕೆ ಕಟ್ಟಿದವರು ಪ್ರೇಕ್ಷಕರು, ಬಿಡುಗಡೆಯ ದಿನಾಂಕವಲ್ಲ.

ಒಂದು ಚಿತ್ರ ಇನ್ನೊಂದರ ನಕಲೇ ಎಂಬ ಚರ್ಚೆ ಇಲ್ಲಿ ಬೇಕಿಲ್ಲ. ಎರಡನ್ನೂ ನೋಡಿದವರಲ್ಲಿ ಏಳುವ ಮೆಚ್ಚುಗೆ ಮತ್ತು ಆಕ್ಷೇಪ ಹೆಚ್ಚುಕಡಿಮೆ ಒಂದೇ ಬಗೆಯವು ಎಂಬುದು ಮುಖ್ಯ.

ದನಿ ತಿಳಿಯಲಿಲ್ಲವೇ?

‘ಗಣೇಶನ ಮದುವೆ’ಯ ಬಗ್ಗೆ ಯಾರಿಗಾದರೂ ಮೊದಲು ಹೊಳೆಯುವ ಆಕ್ಷೇಪ ಸರಳವಾದದ್ದು. ದಿನಾ ಕಿವಿಗೆ ಬೀಳುವ ದನಿಯೇ ರೇಡಿಯೊದಲ್ಲಿ ಹಾಡಿದರೆ ಗುರುತು ಹತ್ತುವುದಿಲ್ಲವೇ? ತರ್ಕಕ್ಕೆ ಇದು ನಿಲ್ಲದು. ಆದರೆ ಮನೆಗಳ ಅನುಭವಕ್ಕೆ ನಿಲ್ಲುತ್ತದೆ. ಬೈಯುವ ದನಿಯನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ, ಅದಕ್ಕೆ ತಿರುಗೇಟು ಹುಡುಕುತ್ತಿರುತ್ತಾರೆ. ಹಾಡುವ ದನಿಯನ್ನು ಮಾತ್ರ ಕೇಳುತ್ತಾರೆ. ಒಂದೇ ಸೂರಿನಡಿ ಇಪ್ಪತ್ತು ವರ್ಷ ಬಾಳಿದ ಗಂಡ ಹೆಂಡಿರಿಗೂ ಈ ಮಾತು ಹೊಸದಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಂದೇ ಕಡೆ ನಗುವುದು ಇದಕ್ಕೇ ಇರಬೇಕು.

ಪತ್ರದ ಗುಣವೂ ಇದರ ಹಿಂದಿದೆ. ಪತ್ರ ಬರೆಯುವಾತ ನಿಧಾನಿಸುತ್ತಾನೆ, ಹೊಡೆದು ತಿದ್ದುತ್ತಾನೆ, ತನ್ನಲ್ಲಿರುವ ಒಳ್ಳೆಯದನ್ನೇ ಆರಿಸಿ ಬರೆಯುತ್ತಾನೆ. ನಲ್ಲಿಯ ಮುಂದೆ ಕೊಡಕ್ಕಾಗಿ ನಿಂತಾಗ ಅಷ್ಟು ವ್ಯವಧಾನ ಯಾರಿಗಿರುತ್ತದೆ? ಹಾಗೆಂದು ಪತ್ರದ ಮನುಷ್ಯ ಸುಳ್ಳಲ್ಲ. ಅವಕಾಶ ಸಿಕ್ಕಿದ್ದರೆ ವಠಾರದಲ್ಲೂ ಆತ ಹಾಗೇ ಇರುತ್ತಿದ್ದ.

ಮೊದಲು ಯಾರಿಗೆ ಗೊತ್ತಾಯಿತು?

ಲುಬಿಚ್ ಚಿತ್ರದ ಬಗೆಗಿನ ಆಕ್ಷೇಪ ಇನ್ನಷ್ಟು ಗಂಭೀರವಾದದ್ದು. ಕಥೆಯ ನಡುವೆಯೇ ಕ್ರಾಲಿಕ್‌ಗೆ ಗುಟ್ಟು ತಿಳಿಯುತ್ತದೆ. ಭೇಟಿಗೆಂದು ಗೊತ್ತು ಮಾಡಿದ ಕೆಫೆಯಲ್ಲಿ ಕಾದಿರುವವಳು ಕ್ಲಾರಾ ಎಂದು ಕಂಡಮೇಲೂ ಆತ ಬಾಯಿ ಬಿಡುವುದಿಲ್ಲ. ತಾನೇ ಆ ಪತ್ರದ ಗೆಳೆಯ ಎಂದು ಹೇಳದೆ ಕೊನೆಯವರೆಗೂ ಕಾಯುತ್ತಾನೆ. ಇದು ಸಲಿಗೆಯ ತಮಾಷೆಯೋ, ಹೆಣ್ಣಿನ ಮನಸ್ಸಿನೊಡನೆ ಆಡುವ ಆಟವೋ? ಇಂದಿನ ಪ್ರೇಕ್ಷಕರು ಈ ಪ್ರಶ್ನೆಯನ್ನು ಹಿಂದಿನವರಿಗಿಂತ ಗಟ್ಟಿಯಾಗಿ ಕೇಳುತ್ತಾರೆ.

ಉತ್ತರಕ್ಕೆ ಒಂದು ಸಂಗತಿ ಗಮನಿಸಬೇಕು. ಕೆಫೆಗೆ ಬರುವ ಹೊತ್ತಿಗೆ ಕ್ರಾಲಿಕ್ ಕೆಲಸ ಕಳೆದುಕೊಂಡಿದ್ದಾನೆ. ಮಾಲೀಕ ಮಾಟುಶೆಕ್ ತಪ್ಪು ಸಂಶಯದಿಂದ ಅದೇ ದಿನ ಅವನನ್ನು ಮನೆಗೆ ಕಳಿಸಿದ್ದಾನೆ. ಕೆಲಸವಿಲ್ಲದ ಗಂಡಸು, ತನ್ನನ್ನು ಕೇವಲ ಗುಮಾಸ್ತ ಎಂದು ಹೀಯಾಳಿಸುವ ಹೆಣ್ಣಿನೆದುರು, ನೀನು ಪ್ರೀತಿಸುವಾತ ನಾನೇ ಎಂದು ಹೇಗೆ ತಾನೇ ಹೇಳಿಯಾನು? ಇಬ್ಬರೂ ಸಂಬಳದವರು. ಇಬ್ಬರ ಅನ್ನವೂ ಒಬ್ಬನ ಕೈಯಲ್ಲಿದೆ. ಆದ್ದರಿಂದ ಅವನ ಮೌನದಲ್ಲಿ ಠಕ್ಕುತನಕ್ಕಿಂತ ಅಂಜಿಕೆ ಹೆಚ್ಚು.

ಇದೇ ಕಥೆಯನ್ನು ಹಾಲಿವುಡ್ 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಎಂದು ಮತ್ತೆ ತೆಗೆಯಿತು. ಪತ್ರದ ಜಾಗಕ್ಕೆ ಇ–ಮೇಲ್ ಬಂತು. ಆದರೆ ಅಲ್ಲಿ ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಮನೆತನದವ. ಅವನ ಮಳಿಗೆಯಿಂದಾಗಿಯೇ ನಾಯಕಿಯ ಪುಟ್ಟ ಅಂಗಡಿ ಬಾಗಿಲು ಹಾಕುತ್ತದೆ. ಅನ್ನ ಕಿತ್ತುಕೊಂಡವನನ್ನೇ ಆಕೆ ಒಪ್ಪಬೇಕೆ? ಆ ಚಿತ್ರವನ್ನು ಇಷ್ಟಪಟ್ಟವರಿಗೂ ಈ ಮುಳ್ಳು ಚುಚ್ಚುವಂಥದ್ದು. ಪ್ರೇಮ ಬದಲಾಗಿಲ್ಲ, ಇಬ್ಬರ ನಡುವಿನ ತಕ್ಕಡಿ ಬದಲಾಗಿದೆ.

ಬಾಡಿಗೆ ಮತ್ತು ಬೋನಸ್

ಲುಬಿಚ್ ಅಂಗಡಿಯಲ್ಲಿ ಸಂಬಳದ ಭಯವಿದ್ದಂತೆ ಕನ್ನಡದ ವಠಾರದಲ್ಲಿ ಬಾಡಿಗೆಯ ಭಯವಿದೆ. ಚಿತ್ರ ಬಂದ ಕಾಲದಲ್ಲಿ ಜಾರಿಯಲ್ಲಿದ್ದದ್ದು 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ ಪ್ರಕಾರ ಮಾಲೀಕ ತನಗೆ ತೋಚಿದಂತೆ ಬಾಡಿಗೆದಾರನನ್ನು ಹೊರಹಾಕುವಂತಿರಲಿಲ್ಲ. ನ್ಯಾಯಾಲಯದ ಮುಂದೆ ಸಕಾರಣ ತೋರಿಸಬೇಕಿತ್ತು. ಹೀಗಾಗಿ ಮಾಲೀಕನಿಗೆ ಬಾಡಿಗೆದಾರ ಗಂಟಲಲ್ಲಿ ಸಿಕ್ಕಿದ ಮುಳ್ಳು, ಬಾಡಿಗೆದಾರನಿಗೆ ಮಾಲೀಕ ತಲೆಯ ಮೇಲಿನ ಕತ್ತಿ. ಇಬ್ಬರೂ ಒಂದೇ ಅಂಗಳದಲ್ಲಿ ದಿನ ಕಳೆಯಬೇಕು. ಇಂಥ ಇಕ್ಕಟ್ಟಿನಲ್ಲಿ ಬಡಿದಾಟಕ್ಕಿಂತ ಉಪಾಯ ಹೆಚ್ಚು ನಡೆಯುತ್ತದೆ, ಉಪಾಯದಿಂದ ಹಾಸ್ಯ ಹುಟ್ಟುತ್ತದೆ. ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಕೊನೆಗೆ. ವಠಾರಗಳೂ ಒಂದೊಂದಾಗಿ ಕರಗಿ ಬಹುಮಹಡಿ ಮನೆಗಳಾದವು. ಬಾಡಿಗೆ ಮನೆಯ ಅಳುಕು ಮಾತ್ರ ಹಾಗೇ ಉಳಿದಿದೆ.

ಹಬ್ಬಕ್ಕೂ ಇಂಥ ಚಿತ್ರಗಳಿಗೂ ನಂಟು ಬೆಸೆಯುವುದು ಇಲ್ಲಿಯೇ. ಕ್ರಿಸ್‌ಮಸ್ ಹಿಂದಿನ ರಾತ್ರಿ ವ್ಯಾಪಾರ ಭರ್ಜರಿಯಾದಾಗ ಮಾಟುಶೆಕ್ ನೌಕರರಿಗೆ ಬೋನಸ್ ಕೊಡುತ್ತಾನೆ. ಹೊಸದಾಗಿ ಸೇರಿದ ಹುಡುಗನನ್ನು ಹಬ್ಬದ ಊಟಕ್ಕೆ ಕರೆದೊಯ್ಯುತ್ತಾನೆ. ನಮ್ಮಲ್ಲೂ ಬೋನಸ್ ಎಂದರೆ ದೀಪಾವಳಿಯ ಮಾತು. 1965ರ ಬೋನಸ್ ಕಾಯ್ದೆ ಕನಿಷ್ಠ ಶೇ 8.33 ಎಂದು ನಿಗದಿ ಮಾಡಿದ ಮೇಲೂ, ಕೈಗೆ ಹಣ ಬರುವವರೆಗೆ ಕಾರ್ಮಿಕನಿಗೆ ಹಬ್ಬ ಬಂದಂತೆ ಅನಿಸುವುದಿಲ್ಲ. ವರ್ಷವಿಡೀ ಹೆದರಿಸುವ ಯಜಮಾನ ಒಂದು ದಿನ ಮನುಷ್ಯನಾಗುತ್ತಾನೆ ಎಂಬ ಆಸೆಯೇ ಹಬ್ಬದ ಚಿತ್ರಗಳ ಜೀವಾಳ.

ಕಲಬುರಗಿ ಕಡೆಯ ನೋಟ

ಕಲಬುರಗಿ ನಗರದ ಮಗ್ಗುಲಿಗಿರುವ ನಂದೂರಿನಂಥ ಊರಿಗೆ ಈ ಮಾತು ಹೊರಗಿನದಲ್ಲ. ನಂದೂರು ಈಗ ಕೈಗಾರಿಕಾ ಪ್ರದೇಶದ ಹೆಸರೂ ಹೌದು. ಈ ಸೀಮೆಗೆ ಟಿ.ವಿ.ಯ ನಂಟೂ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದಾಗ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಸೇರಿದ್ದವು. ಗುಲಬರ್ಗಾ ದೂರದರ್ಶನ ಕೇಂದ್ರ 1977ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಕೇಂದ್ರ ಬಂದದ್ದು 1981ರಲ್ಲಿ. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರೇ ಕೂತು ನೋಡುವ ರೂಢಿ ಇಲ್ಲಿ ಮೊದಲೇ ಬಿದ್ದಿತ್ತು. ‘ಮನೆಮಂದಿಯೆಲ್ಲ’ ಎಂಬ ಮಾತಿಗೆ ಅಲ್ಲಿ ‘ಊರಮಂದಿಯೆಲ್ಲ’ ಎಂಬ ಅರ್ಥವಿತ್ತು.

ಆದರೆ ಈ ಭಾಗದ ಪ್ರೇಕ್ಷಕರಿಗೆ ಒಂದು ತಕರಾರು ಇರುವುದೂ ನ್ಯಾಯವೇ. ವಠಾರದ ಮಾತು ಬೆಂಗಳೂರಿನ ಮಾತು. ಉತ್ತರ ಕರ್ನಾಟಕದ ಹಲವೆಡೆ ಅಂಥ ಸಾಲುಮನೆಗಳಿಗೆ ಚಾಳ ಎನ್ನುತ್ತಾರೆ. ‘ಯಾಕ್ರೀ’ ಎಂದು ಶುರುವಾಗುವ ಜಗಳಕ್ಕೆ ಬೇರೆಯೇ ಲಯವಿದೆ. ನಗಿಸುವ ಕಲೆ ಈ ಸೀಮೆಗೆ ಹೊಸದೂ ಅಲ್ಲ. ಜಾತ್ರೆ ಬಂತೆಂದರೆ ಠಿಕಾಣಿ ಹೂಡುವ ನಾಟಕ ಕಂಪನಿಗಳ ಹಾಸ್ಯವನ್ನು ಕಂಡು ಬೆಳೆದ ಜನ ಇವರು. ಕನ್ನಡ ಸಿನಿಮಾ ಇವರ ಮಾತನ್ನು ಅಕ್ಕಪಕ್ಕದ ಪಾತ್ರಗಳಿಗೆ, ಬರೀ ನಗಿಸಲು ಬಳಸಿದ್ದೇ ಹೆಚ್ಚು. ಇಲ್ಲಿಯ ಗಣೇಶ ಮತ್ತು ಆದಿಲಕ್ಷ್ಮಿ ಇಲ್ಲಿಯ ಮಾತಿನಲ್ಲೇ ಜಗಳವಾಡಿ, ಇಲ್ಲಿಯ ಮಾತಿನಲ್ಲೇ ಪತ್ರ ಬರೆದಿದ್ದರೆ ಹೇಗಿರುತ್ತಿತ್ತು ಎಂಬ ಕುತೂಹಲ ಉಳಿಯುತ್ತದೆ.

ಲುಬಿಚ್ ಚಿತ್ರದಲ್ಲಿ ಪಿರೊವಿಚ್ ಎಂಬ ಹಿರಿಯ ನೌಕರನಿದ್ದಾನೆ. ನಾಜಿಗಳ ಜರ್ಮನಿ ಬಿಟ್ಟು ಬಂದ ಫೆಲಿಕ್ಸ್ ಬ್ರೆಸಾರ್ಟ್ ಆ ಪಾತ್ರ ಮಾಡಿದ್ದರು. ಮಾಲೀಕ ‘ನಿಜವಾದ ಅಭಿಪ್ರಾಯ ಹೇಳಿ’ ಎಂದು ಕೇಳುವುದು ಕಿವಿಗೆ ಬಿದ್ದೊಡನೆ ಪಿರೊವಿಚ್ ಅಲ್ಲಿಂದ ಜಾರಿಕೊಳ್ಳುತ್ತಾನೆ. ಹೆಂಡತಿ ಮಕ್ಕಳಿರುವಾತನಿಗೆ ಅಭಿಪ್ರಾಯ ದುಬಾರಿ. ಸಿನಿಮಾ ನೋಡುವವರಲ್ಲಿ ಬಹುಪಾಲು ಜನರ ಬಾಳೂ ಹೀಗೆಯೇ, ಮನೆ ಮಾಲೀಕನ ಮುಂದೆ, ಸಾಹೇಬರ ಮುಂದೆ ನಾಲಿಗೆ ಕಚ್ಚಿಕೊಂಡೇ ನಡೆಯುತ್ತದೆ. ಆ ಕಷ್ಟ ಬಲ್ಲ ಚಿತ್ರವೊಂದು ಹಬ್ಬದ ದಿನ ಮನೆಗೆ ಬಂದು ನಗಿಸಿದರೆ ‘ಚೆನ್ನಾಗಿದೆ’ ಎನ್ನಲು ಯಾರಿಗೂ ಅಂಜಬೇಕಿಲ್ಲ.