ಕತ್ತಿನ ಎಲುಬು ಹೇಳಿದ ಕುಲಗೋತ್ರ

ಜೋರ್ಡಾನ್ ದೇಶದ ಅಮ್ಮಾನ್ ನಗರದ ಬಳಿ ರುಸೈಫಾ ಎಂಬ ಊರಿದೆ. ಫಾಸ್ಫೇಟ್ ಗಣಿಗಳ ಊರು. 1940ರ ದಶಕದಲ್ಲಿ ಅಲ್ಲಿ ರೈಲು ದಾರಿಯ ದುರಸ್ತಿ ನಡೆದಿದ್ದಾಗ ಕೆಲಸಗಾರನೊಬ್ಬನಿಗೆ ಕಲ್ಲಾಗಿ ಹೋದ ಎಲುಬೊಂದು ಸಿಕ್ಕಿತು. ಕೊಳವೆಯಂತೆ ಟೊಳ್ಳು, ಉದ್ದ ಎರಡು ಅಡಿ. ಅದು ಕೊನೆಗೆ ಫ್ರಾನ್ಸಿನ ಪಳೆಯುಳಿಕೆ ತಜ್ಞ ಕಮೀಲ್ ಅರಂಬೂರ್ ಅವರ ಕಣ್ಣಿಗೆ ಬಿತ್ತು. ಇದು ಹಾರುವ ಸರೀಸೃಪವಾದ ಟೆರೋಸಾರ್‌ನ ರೆಕ್ಕೆಯ ಎಲುಬು ಎಂದು ಅವರು 1954ರಲ್ಲಿ ಬರೆದರು. 1959ರಲ್ಲಿ ಆ ಪ್ರಾಣಿಗೆ 'ಟೈಟನಾಪ್ಟೆರಿಕ್ಸ್', ಎಂದರೆ ದೈತ್ಯ ರೆಕ್ಕೆ ಎಂದು ಹೆಸರಿಟ್ಟರು. ಪ್ರಾಣಿಯನ್ನು ಗುರುತಿಸಿದ್ದು ಸರಿ, ಅಂಗ ಮಾತ್ರ ತಪ್ಪು. ಅದು ಕತ್ತಿನ ಎಲುಬಾಗಿತ್ತು!

ಒಂದೇ ಕತ್ತಿನ ಎಲುಬು ಎರಡು ಅಡಿ ಇರಬಹುದೆಂದು ಆಗ ಯಾರಿಗೆ ತಾನೆ ಹೊಳೆಯಬೇಕು? ಅಂಥ ಪ್ರಾಣಿಯನ್ನು ಅಲ್ಲಿಯವರೆಗೆ ಕಂಡವರಿರಲಿಲ್ಲ.

ಟೆರೋಸಾರ್‌ಗಳು ಹಕ್ಕಿಗಳಲ್ಲ, ಡೈನೋಸಾರ್‌ಗಳೂ ಅಲ್ಲ. ಡೈನೋಸಾರ್‌ಗಳ ದಾಯಾದಿಗಳು ಎನ್ನಬಹುದು. ಬಾವಲಿಯ ರೆಕ್ಕೆಯನ್ನು ನಾಲ್ಕು ಬೆರಳುಗಳು ಹೊತ್ತರೆ, ಇವುಗಳ ರೆಕ್ಕೆಯ ತೊಗಲು ವಿಪರೀತ ಬೆಳೆದ ನಾಲ್ಕನೆಯ ಬೆರಳೊಂದಕ್ಕೇ ಜೋತುಕೊಂಡಿರುತ್ತಿತ್ತು. ಹಿಂದಿನವರು ಇವುಗಳನ್ನು ಎರಡೇ ಪಂಗಡ ಮಾಡಿದ್ದರು: ಉದ್ದ ಬಾಲ, ಗಿಡ್ಡ ಕತ್ತಿನವು ಒಂದು, ಮೋಟು ಬಾಲ, ಉದ್ದ ಕತ್ತಿನವು ಇನ್ನೊಂದು. ಮೊದಲನೆಯವು ಹಳಬರು, ಎರಡನೆಯವು ಅವರಿಂದ ಬಂದವರು. ಈ ಎರಡರ ನಡುವಿನ ಕೊಂಡಿ ಬಹುಕಾಲ ಸಿಕ್ಕಿರಲಿಲ್ಲ. ಚೀನಾದಲ್ಲಿ ದೊರೆತು 2009ರಲ್ಲಿ ಪ್ರಕಟವಾದ ಡಾರ್ವಿನಾಪ್ಟೆರಸ್ ಆ ಕೊರತೆ ನೀಗಿಸಿತು. ಅದರ ಬಾಲ ಹಳೆಯ ಕಾಲದ್ದು, ತಲೆ ಮತ್ತು ಕತ್ತು ಹೊಸ ಕಾಲದ್ದು. ವಿಕಾಸ ಇಡೀ ಮೈಯನ್ನು ಒಮ್ಮೆಗೇ ತಿದ್ದಲಿಲ್ಲ, ತಲೆಯ ಕಡೆಯಿಂದ ಶುರು ಮಾಡಿತು.

ಜೋರ್ಡಾನಿನ ಎಲುಬಿನ ಗುಟ್ಟು ಬಯಲಾದದ್ದು ಅಮೆರಿಕದಲ್ಲಿ. 1971ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಗ್ಲಾಸ್ ಲಾಸನ್‌ಗೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ದೈತ್ಯ ರೆಕ್ಕೆಯೊಂದರ ಎಲುಬುಗಳು ಸಿಕ್ಕವು. ಅದೇ ಸೀಮೆಯ ಮತ್ತೊಂದು ಕಡೆ ಅದೇ ಬಗೆಯ, ಆದರೆ ಚಿಕ್ಕ ಪ್ರಾಣಿಗಳ ಎಲುಬುಗಳೂ ದೊರೆತವು. ಅವುಗಳಲ್ಲಿ ಉದ್ದುದ್ದನೆಯ ಕತ್ತಿನ ಎಲುಬುಗಳಿದ್ದವು. ಅರಂಬೂರರ 'ರೆಕ್ಕೆ' ನಿಜಕ್ಕೂ ಏನೆಂದು 1975ರಲ್ಲಿ ಲಾಸನ್ ಹೇಳಿದರು. ತಮ್ಮ ಪ್ರಾಣಿಗೆ ಅಜ್ಟೆಕ್ ಜನರ ಗರಿಗಳುಳ್ಳ ಸರ್ಪದೇವತೆಯ ಹೆಸರಿಟ್ಟು ಕ್ವೆಟ್ಜಲ್‌ಕೋಟ್ಲಸ್ ಎಂದು ಕರೆದರು. ರೆಕ್ಕೆಯ ಹರವು ಹದಿನೈದೂವರೆ ಮೀಟರ್ ಎಂಬುದು ಅವರ ಅಂದಾಜು. ಈಗ ಹತ್ತು, ಹನ್ನೊಂದು ಮೀಟರಿಗೆ ಇಳಿದಿದೆ. ಇಳಿದರೂ ಹಾರಿದ ಜೀವಿಗಳಲ್ಲಿ ಅತಿ ದೊಡ್ಡವುಗಳ ಸಾಲಿನಲ್ಲಿ ಅದು ಇದೆ.

ಇವುಗಳ ಕುಲ ಯಾವುದು? 1984ರಲ್ಲಿ ಒಂದೇ ಪ್ರಶ್ನೆಗೆ ಎರಡು ಕಡೆಯಿಂದ ಉತ್ತರ ಬಂತು. ಉಜ್ಬೇಕಿಸ್ತಾನದ ಕಿಜಿಲ್‌ಕುಮ್ ಮರುಭೂಮಿಯಲ್ಲಿ ಅಗೆಯುತ್ತಿದ್ದ ಸೋವಿಯತ್ ವಿಜ್ಞಾನಿ ಲೆವ್ ನೆಸೋವ್ ತಮಗೆ ಸಿಕ್ಕ ಪ್ರಾಣಿಗೆ 'ಅಜ್ದಾರ್ಕೊ' ಎಂದರು. ಘಟಸರ್ಪಕ್ಕೆ ಪರ್ಷಿಯನ್ನಿನಲ್ಲಿರುವ ಮಾತು ಅದು, ಉರ್ದುವಿನ 'ಅಜ್ದಹಾ' ಬಲ್ಲವರಿಗೆ ಪರಿಚಿತವೇ. ಅದನ್ನೂ ಟೆಕ್ಸಾಸ್, ಜೋರ್ಡಾನ್‌ಗಳ ಪ್ರಾಣಿಗಳನ್ನೂ ಸೇರಿಸಿ ಅವರು ಒಂದು ಉಪಕುಟುಂಬ ಕಟ್ಟಿದರು. ಅದೇ ವರ್ಷ ಅಮೆರಿಕದ ಕೆವಿನ್ ಪೇಡಿಯನ್ ಟೈಟನಾಪ್ಟೆರಿಕ್ಸ್ ಹೆಸರಿನಲ್ಲಿ ಇನ್ನೊಂದು ಕುಟುಂಬ ಕಟ್ಟಿದರು. ಇಬ್ಬರಿಗೂ ಆಧಾರ ಕತ್ತೇ. ನೆಸೋವರ ಕೆಲಸ ಗಮನಕ್ಕೆ ಬಂದಾಗ ಪೇಡಿಯನ್ ತಮ್ಮ ಹೆಸರನ್ನು ಬದಿಗಿಟ್ಟು, 1986ರಲ್ಲಿ ನೆಸೋವರ ಉಪಕುಟುಂಬವನ್ನೇ 'ಅಜ್ದಾರ್ಕಿಡೇ' ಎಂಬ ಪೂರ್ಣ ಕುಟುಂಬವಾಗಿ ಬಡ್ತಿ ಕೊಟ್ಟರು. ವಿದ್ವಾಂಸರಲ್ಲಿ ಇಂಥ ದೊಡ್ಡ ಮನಸ್ಸು ದಿನಾ ಕಾಣಸಿಗುವುದಲ್ಲ. ಟೈಟನಾಪ್ಟೆರಿಕ್ಸ್ ಎಂಬ ಹೆಸರೂ ಉಳಿಯಲಿಲ್ಲ. ಅದನ್ನು ಅದಕ್ಕೂ ಮುಂಚೆಯೇ ಒಂದು ಸಣ್ಣ ನೊಣಕ್ಕೆ ಇಡಲಾಗಿತ್ತು! ಒಂದೇ ಹೆಸರು ಎರಡು ಪ್ರಾಣಿಗಳಿಗೆ ಸಲ್ಲದೆಂಬುದು ನಿಯಮ. 1989ರಲ್ಲಿ ದೈತ್ಯನ ಹೆಸರು 'ಅರಂಬೂರ್ಜಿಯಾನಿಯಾ' ಎಂದಾಯಿತು.

ಈ ಕುಟುಂಬದ ಹತ್ತಿರದ ನೆಂಟರು ಬ್ರೆಜಿಲ್ ಮತ್ತು ಚೀನಾದಲ್ಲಿ ಸಿಕ್ಕಿದ್ದಾರೆ. ಎಲ್ಲರಿಗೂ ಬೊಚ್ಚು ಬಾಯಿ. ಮೂಗಿನ ಹೊಳ್ಳೆ ಮತ್ತು ಕಣ್ಣಿನ ಮುಂದಿನ ಕಿಂಡಿ ಎರಡೂ ಕೂಡಿ ತಲೆಬುರುಡೆಯಲ್ಲಿ ದೊಡ್ಡ ಬಾಗಿಲಿನಂತಾಗಿ, ಕಣ್ಣಿನ ಗುಳಿ ಆ ಬಾಗಿಲಿನ ಮೇಲಂಚಿಗಿಂತ ಕೆಳಕ್ಕೆ ಇಳಿದಿರುವುದು ಇವರೆಲ್ಲರ ಮನೆತನದ ಗುರುತು. ಬ್ರೆಜಿಲಿನ ಥಲಸೊಡ್ರೋಮಿಯಸ್ ಯಾರ ಮನೆಗೆ ಸೇರಬೇಕೆಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಜಿರಾಫೆಯಂತೆಯೇ ಈ ಕುಟುಂಬವೂ ಎಲುಬುಗಳ ಸಂಖ್ಯೆ ಹೆಚ್ಚಿಸದೆ ಒಂದೊಂದನ್ನೂ ಎಳೆದು ಉದ್ದ ಮಾಡಿ ಕತ್ತು ಬೆಳೆಸಿಕೊಂಡಿತು. ಅಷ್ಟು ತೆಳು ಕೊಳವೆ ಭಾರದ ತಲೆಯನ್ನು ಹೇಗೆ ತಡೆಯುತ್ತಿತ್ತು? ಮೊರಾಕ್ಕೊದ ಒಂದು ಎಲುಬಿನ ಒಳಗನ್ನು ಕ್ಷಕಿರಣದಿಂದ ನೋಡಿ 2021ರಲ್ಲಿ ಉತ್ತರ ಕೊಟ್ಟರು: ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವೆ ಸೈಕಲ್ ಚಕ್ರದ ಕಡ್ಡಿಗಳಂತೆ ಸಣ್ಣ ಎಲುಬಿನ ಎಳೆಗಳು.

ಆ ಕತ್ತಿನಿಂದ ಮಾಡುತ್ತಿದ್ದುದೇನು? ಹದ್ದಿನಂತೆ ಹೆಣ ತಿನ್ನುತ್ತಿತ್ತೆಂದು ಲಾಸನ್, ನೀರ ಮೇಲೆ ಹಾರುತ್ತಾ ಮೀನು ಹಿಡಿಯುತ್ತಿತ್ತೆಂದು ನೆಸೋವ್ ಊಹಿಸಿದ್ದರು. 2008ರಲ್ಲಿ ಬ್ರಿಟನ್ನಿನ ಮಾರ್ಕ್ ವಿಟನ್, ಡ್ಯಾರೆನ್ ನೇಯಿಶ್ ಬೇರೆಯೇ ಚಿತ್ರ ಕೊಟ್ಟರು. ನಾಲ್ಕು ಕಾಲೂರಿ ಬಯಲಲ್ಲಿ ನಡೆಯುತ್ತಾ, ಗದ್ದೆಯ ಕೊಕ್ಕರೆಯಂತೆ ಸಿಕ್ಕಿದ್ದನ್ನು ಕೊಕ್ಕಿನಿಂದ ಎತ್ತಿ ನುಂಗುವ ಪ್ರಾಣಿ ಅದು. ದಕ್ಷಿಣ ಕೊರಿಯಾದ ಬಂಡೆಗಳಲ್ಲಿ ಒಂದಡಿಗೂ ಮೀರಿದ ಹೆಜ್ಜೆಗುರುತುಗಳಿವೆ. ಕಾಲುಗಳು ಮೈಯ ಕೆಳಗೇ ನೇರವಾಗಿ ಊರುತ್ತಿದ್ದವೆಂದು ಅವು ತೋರಿಸುತ್ತವೆ. ಮೂರರಲ್ಲಿ ಈ ವಾದವೇ ಗಟ್ಟಿ.

ಅಷ್ಟರಲ್ಲಿ ರೊಮೇನಿಯಾದಿಂದ ತಕರಾರು ಬಂತು. ಅಲ್ಲಿಯ ಹಾಟ್ಸೆಗ್ ಸೀಮೆ ಕ್ರಿಟೇಷಿಯಸ್ ಯುಗದ ಕೊನೆಯಲ್ಲಿ ಒಂದು ದ್ವೀಪ. ಅಲ್ಲಿ ದೊರೆತ ತಲೆಬುರುಡೆಯ ತುಂಡು ಎಷ್ಟು ದಪ್ಪವಿತ್ತೆಂದರೆ ಮೊದಲು ಅದನ್ನು ಮಾಂಸಾಹಾರಿ ಡೈನೋಸಾರ್‌ನದೆಂದೇ ತಿಳಿದಿದ್ದರು. 2002ರಲ್ಲಿ ಅದು ಹಾಟ್ಸೆಗಾಪ್ಟೆರಿಕ್ಸ್ ಎಂಬ ಅಜ್ದಾರ್ಕಿಡ್ ಎಂದಾಯಿತು. 2017ರಲ್ಲಿ ಅದೇ ಸೀಮೆಯ ಕತ್ತಿನ ಎಲುಬೊಂದನ್ನು ಪರೀಕ್ಷಿಸಿದಾಗ ಈ ಪ್ರಾಣಿಯ ಕತ್ತು ಗಿಡ್ಡ, ದಪ್ಪ ಎಂದು ತೋರಿತು. ಉದ್ದ ಕತ್ತನ್ನೇ ನಂಬಿ ಕಟ್ಟಿದ ಮನೆಯಲ್ಲಿ ಮೋಟು ಕತ್ತಿನವನೂ ಇದ್ದನಲ್ಲ! ದೊಡ್ಡ ಡೈನೋಸಾರ್ ಬೇಟೆಗಾರರು ಸಿಕ್ಕದ ಆ ದ್ವೀಪದಲ್ಲಿ ಅವನೇ ಬೇಟೆಗಾರನಾಗಿದ್ದನೆಂದು ಹಲವರ ಅಭಿಪ್ರಾಯ.

ಟೆಕ್ಸಾಸಿನ ಚಿಕ್ಕ ಪ್ರಾಣಿಗಳು ಬೇರೆಯೇ ಪ್ರಭೇದವೆಂದು 2021ರಲ್ಲಿ ನಿರ್ಧಾರವಾಯಿತು. ಅವುಗಳ ರೆಕ್ಕೆಯ ಹರವು ಸುಮಾರು ನಾಲ್ಕೂವರೆ ಮೀಟರ್. ಲಾಸನ್ ಅವರ ಗೌರವಾರ್ಥ ಅವುಗಳಿಗೆ 'ಲಾಸನೈ' ಎಂದು ಹೆಸರಿಟ್ಟರು. ಚಿತ್ರಗಳಲ್ಲಿ ಕಾಣುವ ದೈತ್ಯನ ಕತ್ತು ಈ ಚಿಕ್ಕವರಿಂದ ಸಾಲ ತಂದದ್ದು. 1971ರ ಆ ದೈತ್ಯನದು ಒಂದು ರೆಕ್ಕೆಯ ಎಲುಬುಗಳಷ್ಟೇ ಸಿಕ್ಕಿವೆ.