ಹಿಮಯಂತ್ರದೊಳಗೆ ಚಳಿ ಇಲ್ಲ

2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀ ಮತ್ತು ಸ್ನೋಬೋರ್ಡ್ ಸ್ಪರ್ಧಿಗಳು ಇಳಿದ ಬೆಟ್ಟಗಳ ಮೇಲೆ ಆಕಾಶದಿಂದ ಬಿದ್ದ ಹಿಮ ಇದ್ದದ್ದು ಅತ್ಯಲ್ಪ. ಹೆಚ್ಚುಕಡಿಮೆ ಎಲ್ಲವನ್ನೂ ಯಂತ್ರಗಳೇ ಉಗುಳಿದ್ದವು. ಅದಕ್ಕೂ ಹನ್ನೆರಡು ವರ್ಷ ಮೊದಲು, 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಇದೇ ಕ್ರೀಡಾಕೂಟ ನಡೆದಾಗ ಸೈಪ್ರೆಸ್ ಬೆಟ್ಟದಲ್ಲಿಯೂ ಹಿಮಯಂತ್ರಗಳಿದ್ದವು, ಅವುಗಳಿಗೆ ಬೇಕಾದಷ್ಟು ನೀರೂ ಇತ್ತು. ಆದರೆ ಆ ಜನವರಿ ತೀರಾ ಬೆಚ್ಚಗಿತ್ತು. ಸಂಘಟಕರು ಲಾರಿಗಳಲ್ಲಿ, ಹೆಲಿಕಾಪ್ಟರುಗಳಲ್ಲಿ ಬೇರೆಡೆಯಿಂದ ಹಿಮ ತಂದು, ಕೆಳಗೆ ಹುಲ್ಲಿನ ಪೆಂಡಿಗಳನ್ನು ಜೋಡಿಸಿ, ಅದರ ಮೇಲೆ ಹಿಮ ಹರಡಬೇಕಾಯಿತು. ಒಂದೇ ಜಾತಿಯ ಯಂತ್ರ ಒಂದು ಕಡೆ ಇಡೀ ಕೂಟವನ್ನು ಹೊತ್ತು ನಿಂತಿತು, ಇನ್ನೊಂದು ಕಡೆ ಕೈಚೆಲ್ಲಿತು. ಈ ವ್ಯತ್ಯಾಸಕ್ಕೆ ಕಾರಣ ಯಂತ್ರದ ಗುಣಮಟ್ಟದಲ್ಲಿಲ್ಲ, ಖರ್ಚು ಮಾಡಿದ ಹಣದಲ್ಲೂ ಇಲ್ಲ. ಹಿಮಯಂತ್ರ ಚಳಿಯನ್ನು ಉತ್ಪಾದಿಸುವ ಸಾಧನವೇ ಅಲ್ಲ. ಸುತ್ತಲಿನ ಗಾಳಿಯಲ್ಲಿ ಆಗಲೇ ಇರುವ ಚಳಿಯನ್ನು ನೀರಿಗೆ ಬೇಗ ಮುಟ್ಟಿಸುವ ಸಾಧನ. ಹಿಮ ಬೀಳದ ಚಳಿಗಾಲವನ್ನು ಅದು ನಿಭಾಯಿಸಬಲ್ಲದು. ಚಳಿಯೇ ಇಲ್ಲದ ಚಳಿಗಾಲದ ಮುಂದೆ ಅದಕ್ಕೆ ಉಪಾಯವಿಲ್ಲ.

ಯಂತ್ರದ ರಚನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಕೀ ತಯಾರಿಸುತ್ತಿದ್ದ ವೇಯ್ನ್ ಪಿಯರ್ಸ್ ಮತ್ತು ಅವರ ಜೊತೆಗಾರರು 1950ರಲ್ಲಿ ಇದನ್ನು ಮೊದಲು ಮಾಡಿ ನೋಡಿದಾಗ ಬಳಸಿದ್ದು ಬಣ್ಣ ಸಿಂಪಡಿಸುವ ಕಂಪ್ರೆಸರ್, ಒಂದು ನಾಜಲ್, ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು. ಶೀತಕ ಅನಿಲವಾಗಲಿ, ಫ್ರಿಜ್ಜಿನಂಥ ಯಾವ ಭಾಗವಾಗಲಿ ಅದರಲ್ಲಿ ಇರಲಿಲ್ಲ. ಇಂದಿನ ಯಂತ್ರಗಳಲ್ಲೂ ಮೂಲ ವ್ಯವಸ್ಥೆ ಅದೇ. ನೀರನ್ನು ಹೆಚ್ಚಿನ ಒತ್ತಡದಲ್ಲಿ ಸಣ್ಣ ರಂಧ್ರಗಳಿಂದ ಚಿಮ್ಮಿಸಿ, ಮಿಲಿಮೀಟರಿಗಿಂತ ಚಿಕ್ಕದಾದ ಹನಿಗಳಾಗಿ ಒಡೆಯುತ್ತಾರೆ; ದೊಡ್ಡ ಫ್ಯಾನು ಅವನ್ನು ದೂರಕ್ಕೆ ತಳ್ಳುತ್ತದೆ, ಇಲ್ಲವೇ ಎತ್ತರದ ಕಂಬದ ತುದಿಯಿಂದ ಅವು ಕೆಳಗಿಳಿಯುತ್ತವೆ. ಹನಿ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈ ದೊಡ್ಡದು, ಶಾಖ ಕಳೆದುಕೊಳ್ಳಲು ಜಾಗ ಹೆಚ್ಚು. ನೆಲ ಮುಟ್ಟುವ ಮೊದಲಿನ ಕೆಲವೇ ಸೆಕೆಂಡುಗಳಲ್ಲಿ ಅದು ಗಟ್ಟಿಯಾಗಬೇಕು. ಒಂದು ಸಣ್ಣ ನಾಜಲ್ ಮಾತ್ರ ಬೇರೆ ಕೆಲಸ ಮಾಡುತ್ತದೆ: ಅಲ್ಲಿ ನೀರಿನ ಜೊತೆ ಅದುಮಿಟ್ಟ ಗಾಳಿಯೂ ಹೊರನುಗ್ಗುತ್ತದೆ, ನುಗ್ಗುವಾಗ ಹಿಗ್ಗಿ ತಣ್ಣಗಾಗುತ್ತದೆ, ಆ ತಂಪಿನಲ್ಲಿ ಅತಿ ಸಣ್ಣ ಹಿಮದ ಕಣಗಳು ಹುಟ್ಟುತ್ತವೆ. ಯಂತ್ರ ತಾನಾಗಿ ಚಳಿ ಹುಟ್ಟಿಸುವುದು ಇಲ್ಲಿ ಮಾತ್ರ, ಅದೂ ಬೀಜಕ್ಕೆ ಬೇಕಾದಷ್ಟು. ಈ ಬೀಜಕಣಗಳು ಉಳಿದ ಹನಿಗಳಿಗೆ ತಾಗಿದಾಗ ಅವು ಹೆಪ್ಪುಗಟ್ಟಲು ಶುರುವಾಗುತ್ತವೆ.

ಮೋಡದಲ್ಲಿ ನಡೆಯುವುದು ಬೇರೆ. ಅಲ್ಲಿ ಹಿಮದ ಹರಳು ನೀರಾವಿಯಿಂದ ನೇರವಾಗಿ ಬೆಳೆಯುತ್ತದೆ, ನಿಧಾನವಾಗಿ, ಆರು ದಿಕ್ಕಿಗೆ ಕೈ ಚಾಚುತ್ತ. ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯ ಅಂಥ ಹರಳನ್ನು 1936ರಲ್ಲಿ ಹೊಕ್ಕೈಡೊದ ಪ್ರಯೋಗಾಲಯದಲ್ಲಿ ಮೊಲದ ರೋಮವೊಂದರ ತುದಿಯಲ್ಲಿ ಬೆಳೆಸಿ ತೋರಿಸಿದ್ದರು. ಸ್ಕೀ ಬೆಟ್ಟದ ಯಂತ್ರಕ್ಕೆ ಆ ತಾಳ್ಮೆಗೆ ಅವಕಾಶವಿಲ್ಲ. ಅದು ಕೊಡುವುದು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟಿದ ದುಂಡನೆಯ ಹನಿಗಳನ್ನು. ಹೊಸದಾಗಿ ಬಿದ್ದ ಸಹಜ ಹಿಮ ಒಂದು ಘನ ಮೀಟರಿಗೆ ಸಾಮಾನ್ಯವಾಗಿ 100 ಕಿಲೋ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತೂಗಿದರೆ, ಯಂತ್ರದ ಹಿಮ 400ರಿಂದ 500 ಕಿಲೋ ತೂಗುತ್ತದೆ. ಹಾಗಾಗಿ ಅದು ಬೇಗ ಕರಗುವುದಿಲ್ಲ, ಸ್ಕೀ ಅಲಗಿನ ಕೆಳಗೆ ಬೇಗ ಸವೆಯುವುದೂ ಇಲ್ಲ. ವೇಗದ ಸ್ಪರ್ಧೆಗಳಿಗೆ ಇಂಥ ಬಿಗಿ ನೆಲವೇ ಬೇಕು. ಮೊದಲ ಸಲ ಸ್ನೋಬೋರ್ಡ್ ಹತ್ತಿ ಬೀಳುವವರಿಗೆ ಅದರ ಗಡಸು ಚೆನ್ನಾಗಿಯೇ ತಿಳಿಯುತ್ತದೆ.

ಎಷ್ಟು ಚಳಿ ಇದ್ದರೆ ಸಾಕು ಎನ್ನುವಲ್ಲಿ ಸಾಮಾನ್ಯ ಥರ್ಮಾಮೀಟರ್ ದಾರಿ ತಪ್ಪಿಸುತ್ತದೆ. ಗಾಳಿಯಲ್ಲಿ ಹಾರುವ ಹನಿ ಎರಡು ಬಗೆಯಲ್ಲಿ ಶಾಖ ಬಿಡುತ್ತದೆ: ತಣ್ಣನೆ ಗಾಳಿಗೆ ತಾಗಿ ಸ್ವಲ್ಪ, ತನ್ನ ಮೈಯ ನೀರನ್ನು ಆವಿ ಮಾಡಿ ಇನ್ನು ಸ್ವಲ್ಪ. ಈ ಎರಡನೆಯದು ಬಹಳ ಬಲಶಾಲಿ. ಒಂದು ಗ್ರಾಂ ನೀರು ಆವಿಯಾಗಲು ಹೀರುವ ಶಾಖ, ಏಳು ಗ್ರಾಂಗೂ ಹೆಚ್ಚು ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖಕ್ಕೆ ಸಮ. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಕೋಣೆಯನ್ನು ತಂಪಾಗಿಸುತ್ತದೆ, ಅದೇ ಕೂಲರ್ ಮಂಗಳೂರಿನಲ್ಲಿ ಬರೀ ಸೆಕೆ ಹೆಚ್ಚಿಸುತ್ತದೆ. ಒಣ ಗಾಳಿ ಆವಿಯನ್ನು ಹೀರಿಕೊಳ್ಳುತ್ತದೆ, ತೇವದ ಗಾಳಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಸ್ಕೀ ಬೆಟ್ಟದಲ್ಲೂ ಕೆಲಸ ಮಾಡುವುದು ಇದೇ ನಿಯಮ. ಅದಕ್ಕೇ ಯಂತ್ರ ನಡೆಸುವವರು ನೋಡುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನವನ್ನು, ಅಂದರೆ ವೆಟ್ ಬಲ್ಬ್ ತಾಪಮಾನವನ್ನು. ಅದು ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗಿಳಿದರೆ ಕೆಲಸ ಶುರು ಮಾಡಬಹುದು, ಇನ್ನೂ ಇಳಿದಷ್ಟು ಹಿಮ ಹೆಚ್ಚು ಮತ್ತು ಒಣ. ಗಾಳಿ ಸೊನ್ನೆ ಡಿಗ್ರಿಯಲ್ಲಿದ್ದು ಆರ್ದ್ರತೆ ಶೇಕಡಾ 30 ಇದ್ದರೆ ವೆಟ್ ಬಲ್ಬ್ ಮೈನಸ್ 4ರ ಹತ್ತಿರ ಇರುತ್ತದೆ. ಅದೇ ಸೊನ್ನೆಯಲ್ಲಿ ಗಾಳಿ ತೇವದಿಂದ ತುಂಬಿದ್ದರೆ ಎರಡೂ ಒಂದೇ, ಯಂತ್ರ ಸುಮ್ಮನಿರಬೇಕು. ಬೀಜಿಂಗಿನ ಬೆಟ್ಟಗಳಲ್ಲಿ ಚಳಿಗಾಲ ಕೊರೆಯುವಂಥದ್ದು, ಗಾಳಿ ಒಣ. ಸೈಪ್ರೆಸ್ ಪೆಸಿಫಿಕ್ ಕಡಲ ಮಗ್ಗುಲಿನ ತೇವದ ಬೆಟ್ಟ.

ನೀರಿಗೆ ಏನಾದರೂ ಬೆರೆಸಿ ಈ ಮಿತಿಯನ್ನು ಮೀರಬಹುದಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. ಅತಿ ಶುದ್ಧ ನೀರಿನ ಸಣ್ಣ ಹನಿ ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಮೈನಸ್ 38ರ ಆಸುಪಾಸಿನವರೆಗೂ ದ್ರವವಾಗಿಯೇ ಉಳಿಯಬಲ್ಲದು. ಹರಳು ಕಟ್ಟಲು ಅದಕ್ಕೊಂದು ಆಸರೆ ಬೇಕು. ಆಲೂಗೆಡ್ಡೆ, ಟೊಮೆಟೊ ಗಿಡಗಳ ಎಲೆ ಹಿಮಗಟ್ಟಿ ಸಾಯಲು ಕಾರಣವಾಗುವ ಸ್ಯೂಡೋಮೋನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಮೈಮೇಲೆ ನೀರಿನ ಅಣುಗಳನ್ನು ಹಿಮದ ಕ್ರಮದಲ್ಲಿ ಕೂರಿಸುವ ಪ್ರೋಟೀನ್ ಇದೆ. ಸತ್ತ ಬ್ಯಾಕ್ಟೀರಿಯಾಗಳಿಂದ ತಯಾರಾದ ಸ್ನೋಮ್ಯಾಕ್ಸ್ ಎಂಬ ಪುಡಿಯನ್ನು 1988ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಬಳಸಲಾಗಿತ್ತು. ಇದರಿಂದ ಹನಿ ಇನ್ನಷ್ಟು ಬೆಚ್ಚಗಿರುವಾಗಲೇ ಹೆಪ್ಪುಗಟ್ಟಲು ಆರಂಭಿಸುತ್ತದೆ, ಇಳುವರಿ ಹೆಚ್ಚುತ್ತದೆ. ಆದರೆ ಆರಂಭಿಸುವುದು ಬೇರೆ, ಮುಗಿಸುವುದು ಬೇರೆ. ಹನಿಯೊಳಗಿನ ಗುಪ್ತೋಷ್ಣ, ಅಂದರೆ ಹೆಪ್ಪುಗಟ್ಟುವಾಗ ಅದು ಬಿಡಬೇಕಾದ ಶಾಖ, ಕಿಲೋಗೆ 334 ಕಿಲೋಜೂಲ್. ಅಷ್ಟೂ ಹೊರಹೋಗುವವರೆಗೆ ಹನಿ ಪೂರ್ತಿ ಗಟ್ಟಿಯಾಗುವುದಿಲ್ಲ. ಪ್ರೋಟೀನ್ ಬಾಗಿಲು ತೆರೆಯುತ್ತದೆ, ಶಾಖವನ್ನು ಹೊತ್ತೊಯ್ಯಬೇಕಾದದ್ದು ಗಾಳಿಯೇ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. 2005ರಿಂದ ದುಬೈನ ಮಾಲ್ ಒಂದರೊಳಗೇ ಸ್ಕೀ ಇಳಿಜಾರು ನಡೆಯುತ್ತಿದೆ. ಸೊನ್ನೆಗಿಂತ ಬೆಚ್ಚಗಿನ ಹವೆಯಲ್ಲೂ ಬಯಲಿನಲ್ಲಿ ಹಿಮ ಕೊಡುವ ಯಂತ್ರಗಳು ಆಲ್ಪ್ಸ್‌ನಲ್ಲಿ ಬಳಕೆಯಲ್ಲಿವೆ. ಹಾಗಿದ್ದರೆ ಚಳಿಯನ್ನು ತಯಾರಿಸಲಾಗದು ಎನ್ನುವುದು ಹೇಗೆ? ತಯಾರಿಸಬಹುದು, ಆದರೆ ಅಲ್ಲಿರುವುದು ಬೇರೆಯದೇ ಯಂತ್ರ: ಮಂಜುಗಡ್ಡೆ ಕಾರ್ಖಾನೆ. ಅದರ ಬೆಲೆಯನ್ನು ಲೆಕ್ಕ ಹಾಕಿ ನೋಡಬೇಕು. ಒಂದು ಘನ ಮೀಟರ್ ಯಂತ್ರಹಿಮದಲ್ಲಿ 450 ಕಿಲೋ ನೀರಿದೆ ಎಂದುಕೊಂಡರೆ, ಹೆಪ್ಪುಗಟ್ಟಿಸಲು ತೆಗೆಯಬೇಕಾದ ಶಾಖ ಸುಮಾರು 1,50,000 ಕಿಲೋಜೂಲ್, ಅಂದರೆ 42 ಯೂನಿಟ್. ಒಂದು ಹೆಕ್ಟೇರ್ ಇಳಿಜಾರಿಗೆ 30 ಸೆಂಟಿಮೀಟರ್ ಹಿಮ ಹಾಸಲು 3,000 ಘನ ಮೀಟರ್ ಬೇಕು. ಶಾಖ ಒಂದೂಕಾಲು ಲಕ್ಷ ಯೂನಿಟ್ ದಾಟುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ತೆಗೆಯುವ ಒಳ್ಳೆಯ ಶೀತಲ ಘಟಕವಿದ್ದರೂ ಹೆಕ್ಟೇರಿಗೆ 42,000 ಯೂನಿಟ್ ವಿದ್ಯುತ್ ಹೋಗುತ್ತದೆ, ಬಿಸಿಲಿಗೆ ಕರಗಿದ್ದನ್ನು ಮತ್ತೆ ತುಂಬುವ ಲೆಕ್ಕ ಬೇರೆ. ಸಾಮಾನ್ಯ ಹಿಮಯಂತ್ರಕ್ಕೆ ಪಂಪು, ಕಂಪ್ರೆಸರ್, ಫ್ಯಾನುಗಳ ಖರ್ಚು ಮಾತ್ರ, ಏಕೆಂದರೆ ಆ ಒಂದೂಕಾಲು ಲಕ್ಷವನ್ನು ರಾತ್ರಿಯ ಗಾಳಿ ಪುಕ್ಕಟೆಯಾಗಿ ತೆಗೆದುಕೊಂಡು ಹೋಗುತ್ತದೆ. ಕಲಿಯುವವರ ಒಂದು ಸಣ್ಣ ಅಂಗಳಕ್ಕೋ, ಮಾಲಿನ ಒಳಾಂಗಣಕ್ಕೋ ಮಂಜುಗಡ್ಡೆ ಕಾರ್ಖಾನೆ ಹೊಂದಬಹುದು. ಬೆಟ್ಟಕ್ಕೆ ಹೊಂದುವುದಿಲ್ಲ. 2014ರ ಸೋಚಿ ಒಲಿಂಪಿಕ್ಸಿಗೆ ಹಿಂದಿನ ಚಳಿಗಾಲದ ಹಿಮವನ್ನೇ ರಾಶಿ ಹಾಕಿ, ಶಾಖ ತಡೆಯುವ ಹೊದಿಕೆ ಹೊದಿಸಿ ಬೇಸಿಗೆ ದಾಟಿಸಿದ್ದೂ ಈ ಲೆಕ್ಕವನ್ನೇ ಹೇಳುತ್ತದೆ: ಹೊಸ ಚಳಿ ಮಾಡುವುದಕ್ಕಿಂತ ಹಳೆಯ ಚಳಿಯನ್ನು ಕಾಪಿಡುವುದು ಅಗ್ಗ.

ಭಾರತದ ಸ್ಕೀ ತಾಣಗಳ ಬಗ್ಗೆ ಯೋಚಿಸುವಾಗ ಈ ಭೇದ ಮುಖ್ಯವಾಗುತ್ತದೆ. ಗುಲ್ಮಾರ್ಗ್ ಮತ್ತು ಔಲಿಗೆ ಹಿಮ ತರುವುದು ಪಶ್ಚಿಮದಿಂದ ಬರುವ ವಾಯು ಕ್ಷೋಭೆಗಳು. ಅವು ಕೈಕೊಟ್ಟ 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ಬರಿದಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಯಂತ್ರದ ದೃಷ್ಟಿಯಿಂದ ಇಂಥ ಬರಗಾಲ ಪೂರ್ತಿ ಕೆಟ್ಟದ್ದಲ್ಲ: ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಶಾಖ ಆಕಾಶಕ್ಕೆ ಹೋಗುತ್ತದೆ, ಗಾಳಿ ಒಣಗಿರುತ್ತದೆ, ವೆಟ್ ಬಲ್ಬ್ ಚೆನ್ನಾಗಿ ಇಳಿಯುತ್ತದೆ. ಆದ್ದರಿಂದ ಹಿಮಾಲಯದಲ್ಲಿ ಹಿಮಯಂತ್ರ ವ್ಯರ್ಥ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ತಪ್ಪು. ತೊಡಕಿರುವುದು ನೀರಿನಲ್ಲಿ. ಮೇಲಿನ ಲೆಕ್ಕದ ಒಂದು ಹೆಕ್ಟೇರಿಗೆ ಹದಿಮೂರೂವರೆ ಲಕ್ಷ ಲೀಟರ್ ಬೇಕು, ಅದೂ ತೊರೆಗಳು ತೀರಾ ಸಣ್ಣಗಾಗುವ ಕಾಲದಲ್ಲಿ. ಆ ನೀರು ವಸಂತದಲ್ಲಿ ಕರಗಿ ಕಣಿವೆಗೇ ಮರಳುತ್ತದೆ ಎಂಬ ವಾದ ಬಹುಪಾಲು ನಿಜ, ಆದರೆ ಚಳಿಗಾಲದಲ್ಲಿ ಕೆಳಗಿನ ಊರಿಗೆ ಬೇಕಾದ ನೀರು ವಸಂತದಲ್ಲಿ ಬಂದರೆ ಆ ಕೊರತೆ ತುಂಬುವುದಿಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಔಲಿಯಲ್ಲಿ ಯಂತ್ರಗಳ ಜೊತೆಗೆ ಬೆಟ್ಟದ ಮೇಲೊಂದು ಕೃತಕ ಕೊಳವನ್ನೂ ಕಟ್ಟಬೇಕಾದದ್ದು ಇದೇ ಕಾರಣಕ್ಕೆ. ಇನ್ನಷ್ಟು ಯಂತ್ರ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಹಿಮ ಬೀಳುತ್ತದೆ ಎನ್ನುವುದಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಆ ಇಳಿಜಾರಿನಲ್ಲಿ ವೆಟ್ ಬಲ್ಬ್ ಮೈನಸ್ 2ಕ್ಕಿಂತ ಕೆಳಗಿರುವ ಗಂಟೆಗಳೆಷ್ಟು, ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆಯೇ ಎನ್ನುವುದು. ಗಂಟೆಗಳು ಸಾಕಷ್ಟಿದ್ದರೆ ಕೊಳವನ್ನು ದೊಡ್ಡದು ಮಾಡುವುದಕ್ಕೆ ಅರ್ಥವಿದೆ. ಇಲ್ಲದಿದ್ದರೆ ಸ್ಕೀ ದಾರಿಗಳನ್ನೇ ಇನ್ನೂ ಎತ್ತರಕ್ಕೆ, ಗುಲ್ಮಾರ್ಗಿನ ಕೇಬಲ್ ಕಾರು ತಲುಪುವ ಅಫರ್ವತ್‌ನಂಥ ಶಿಖರಗಳ ಕಡೆಗೆ ಒಯ್ಯುವುದರ ಸಾಧ್ಯಾಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.